ಮಗುವಿಗೆ ಮಾತು ಬರಬೇಕಾ? ಮೊದಲು ‘ಇದೇನು ಹೇಳು’ ಬಿಡಿ

ನನ್ನ ಮಗನಿಗೆ 20 ತಿಂಗಳಾದಾಗ ಬರುತ್ತಿದ್ದದ್ದು ಎಂಟೇ ಮಾತು. ಅಮ್ಮ, ಅಪ್ಪ, ಟಾಟಾ. ಅಜ್ಜಿಗೆ ‘ಜಿ’, ಹಾಲಿಗೆ ‘ಆಉ’, ಹಸುವಿಗೆ ‘ಅಂಬಾ’, ಬೇಡ ಅನ್ನುವುದಕ್ಕೆ ‘ಏಡ’. ಎಂಟನೆಯದು ಮಿಕ್ಸಿ, ಅದಕ್ಕೆ ‘ಗುರ್ರ್’. ಎದುರು ಮನೆಯ ಹುಡುಗಿ ಅದೇ ವಯಸ್ಸಿಗೆ ಲಿಫ್ಟಿನಲ್ಲಿ ನಿಂತು ಎಲ್ಲರ ಚಪ್ಪಲಿ ಬಣ್ಣ ಹೇಳುತ್ತಿದ್ದಳು. ನನಗೆ ಹೊಟ್ಟೆಯಲ್ಲಿ ಸಂಕಟ. ಹಗಲೂ ರಾತ್ರಿ ಅವನ ಹಿಂದೆ ಬಿದ್ದೆ. “ಪುಟ್ಟಾ, ಇದೇನು ಹೇಳು? ಬಾಳೆಹಣ್ಣು. ಹೇಳು, ಬಾ... ಳೆ...” ಅವನು ಹಣ್ಣು ಕಿತ್ತುಕೊಂಡು ಓಡಿಹೋಗುತ್ತಿದ್ದ.

ಕೊನೆಗೆ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಅವರು ಹತ್ತು ನಿಮಿಷ ನಾವಿಬ್ಬರೂ ಆಡುವುದನ್ನು ನೋಡಿದರು, ಅಷ್ಟೇ. ಆಮೇಲೆ ತಾವು ಹಾಕಿಕೊಂಡಿದ್ದ ಗೀಟುಗಳನ್ನು ತೋರಿಸಿದರು. ಹತ್ತು ನಿಮಿಷಕ್ಕೆ ನಾನು ಕೇಳಿದ ಪ್ರಶ್ನೆ ಮೂವತ್ತೊಂದು. “ಇಲ್ಲಿ ಪರೀಕ್ಷೆ ನಡೀತಿದೆ ಮೇಡಂ, ಮಾತುಕತೆ ನಡೀತಿಲ್ಲ” ಅಂದರು. ನಾಚಿಕೆಯಾಯಿತು. ಆದರೆ ಮನೆಯಲ್ಲಿ ಏನು ಮಾಡಬೇಕು ಅನ್ನುವುದು ಅಲ್ಲಿಂದಲೇ ಶುರುವಾಯಿತು. ಅವತ್ತಿನಿಂದ ಕಲಿತದ್ದನ್ನು, ಮಾಡಬೇಕಾದ ಸಾಲಿನಲ್ಲೇ ಬರೆಯುತ್ತಿದ್ದೇನೆ. ಮುಖ್ಯವಾಗಿ ಹುಟ್ಟಿದಾಗಿನಿಂದ ಮೂರು, ನಾಲ್ಕು ವರ್ಷದೊಳಗಿನ ಮಕ್ಕಳಿಗೆ.

1. ಮೊದಲು ಕಿವಿ

ಕೇಳಿಸದ ಮಾತು ಬಾಯಿಗೆ ಬರುವುದಿಲ್ಲ. ಆದ್ದರಿಂದ ಉಳಿದದ್ದೆಲ್ಲ ಆಮೇಲೆ.

“ತಟ್ಟೆ ಬಿದ್ದರೆ ತಿರುಗಿ ನೋಡ್ತಾನೆ, ಕಿವಿ ಚೆನ್ನಾಗಿದೆ” ಅಂತ ನಮ್ಮ ಮನೆಯಲ್ಲೂ ಹೇಳಿದರು. ಇದನ್ನು ನಂಬಬೇಡಿ. ಸ್ಟೀಲ್ ತಟ್ಟೆ ಬಿದ್ದ ಸದ್ದು, ಬಾಗಿಲು ಬಡಿದ ಸದ್ದು ಅರ್ಧ ಕಿವುಡು ಇರುವ ಮಗುವಿಗೂ ಕೇಳಿಸಬಹುದು. ಅದೇ ಮಗುವಿಗೆ ಮಾತಿನ ನಡುವೆ ಬರುವ ಸ, ಶ, ತ, ಕ ಕೇಳಿಸದೇ ಹೋಗಬಹುದು. ಪದೇಪದೇ ಶೀತ ಆಗುವ ಮಕ್ಕಳಿಗೆ ಕಿವಿಯ ಪರದೆ ಹಿಂದೆ ನೀರು ನಿಂತು, ಕೆಲವು ವಾರ ಎಲ್ಲವೂ ಮಂದವಾಗಿ ಕೇಳುವುದೂ ಉಂಟು. ನೋವಿಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಹುಟ್ಟಿದ ಮಗುವಿಗೆ ಮೊದಲ ತಿಂಗಳೊಳಗೆ ಕಿವಿ ಪರೀಕ್ಷೆ ಆಗಬೇಕು. ತೊಂದರೆ ಇದ್ದರೆ 3 ತಿಂಗಳೊಳಗೆ ಖಚಿತವಾಗಬೇಕು, 6 ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಪ್ರಪಂಚದಲ್ಲೆಲ್ಲ ಒಪ್ಪಿಕೊಂಡಿರುವ ಲೆಕ್ಕ ಇದು. ಒಎಇ ಅನ್ನುವ ಪರೀಕ್ಷೆಗೆ ಕೆಲವು ನಿಮಿಷ ಸಾಕು, ಕಿವಿಗೆ ಪುಟ್ಟ ಬಿರಡೆ ಇಟ್ಟು ನೋಡುತ್ತಾರೆ. ನಿಮ್ಮ ಮಗುವಿಗೆ ಆಗಿದೆಯಾ ಅಂತ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಆಗಿಲ್ಲದಿದ್ದರೆ, ಮಾತು ತಡ ಅನ್ನಿಸಿದರೆ, ಮಗುವಿಗೆ ಈಗ ಎಷ್ಟೇ ವಯಸ್ಸಾಗಿದ್ದರೂ ಮಾಡಿಸಿ.

ಇದೇ ಜಾಗದಲ್ಲಿ ಬಜೆಯ ಮಾತೂ ಹೇಳಿಬಿಡುತ್ತೇನೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದರೆ ನಾಲಿಗೆ ತಿರುಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಮಾತು ಬರುವುದು ಕಿವಿ ಮತ್ತು ಮಿದುಳಿನ ಕೆಲಸ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಲೇಬಾರದು, ಅದರಿಂದ ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರುವ ಸಾಧ್ಯತೆ ಇದೆ. ಅತ್ತೆಯವರ ಹತ್ತಿರ ಜಗಳ ಆಡದೆ ಇದನ್ನು ಹೇಳುವುದು ಹೇಗೆ ಅನ್ನುವುದು ಬೇರೆಯೇ ಲೇಖನ!

2. ಮಗುವಿನ ಎತ್ತರಕ್ಕೆ ಇಳಿಯಿರಿ

ನೆಲದ ಮೇಲೆ ಕೂತುಬಿಡಿ. ನಿಮ್ಮ ಬಾಯಿ, ಕಣ್ಣು ಮಗುವಿಗೆ ಕಾಣಬೇಕು. ಮಗು ಏನನ್ನು ನೋಡುತ್ತಿದೆಯೋ ಅದನ್ನೇ ನೀವೂ ನೋಡಿ. ನೀವು ಆನೆ ಗೊಂಬೆ ತೋರಿಸುತ್ತಿದ್ದೀರಿ, ಅದು ಫ್ಯಾನ್ ನೋಡುತ್ತಿದೆ ಅಂದರೆ ಆ ಹೊತ್ತಿಗೆ ಫ್ಯಾನೇ ಪಾಠ. “ಫ್ಯಾನ್ ತಿರುಗ್ತಿದೆ. ಗರಗರ ಗರಗರ.” ಅದಕ್ಕೆ ಮನಸ್ಸಿರುವ ಕಡೆಗೇ ಮಾತೂ ಹೋದರೆ ಪದ ಅಂಟಿಕೊಳ್ಳುತ್ತದೆ.

ಮೂರು ತಿಂಗಳ ಕೂಸಿಗೂ ಇದು ಅನ್ವಯಿಸುತ್ತದೆ. ಅದು ‘ಉಂಗಾ’ ಅಂದಾಗ ನೀವೂ ‘ಉಂಗಾ’ ಅನ್ನಿ, ನಿಲ್ಲಿಸಿ, ಅದರ ಸರದಿ ಬಿಡಿ. ಎಣ್ಣೆ ಹಚ್ಚುವಾಗ, ನೀರು ಹಾಕುವಾಗ ಅಜ್ಜಿಯರು ರಾಗ ಎಳೆದು ಮಾತಾಡುತ್ತಾರಲ್ಲ, ಅದನ್ನು ಕಂಡು ನಗಬೇಡಿ. ಕೂಸಿನ ಕಿವಿ ಹಿಡಿಯುವುದೇ ಆ ಎಳೆದ, ಏರಿಳಿಯುವ ದನಿಯನ್ನು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಮಗುವಿನ ಕಿವಿ ಮನೆಯ ಭಾಷೆಯ ಸದ್ದುಗಳಿಗೆ ಹೊಂದಿಕೊಂಡಿರುತ್ತದೆ. ಲ ಬೇರೆ, ಳ ಬೇರೆ ಅನ್ನುವುದನ್ನು ಅದು ಹೇಳಲು ಬರುವುದಕ್ಕೆ ಮುಂಚೆಯೇ ಕೇಳಿ ಇಟ್ಟುಕೊಳ್ಳುತ್ತದೆ.

3. ಪ್ರಶ್ನೆ ನಿಲ್ಲಿಸಿ, ಕಂಡದ್ದನ್ನು ಹೇಳಿ

ಒಂದು ದಿನ ಲೆಕ್ಕ ಹಾಕಿ ನೋಡಿ. “ಇದೇನು? ಅದ್ಯಾವ ಬಣ್ಣ? ಮಾಮ ಎಲ್ಲಿ? ಕಾಗೆ ಏನನ್ನುತ್ತೆ?” ನಮ್ಮ ಮಾತಿನಲ್ಲಿ ಅರ್ಧಕ್ಕರ್ಧ ಇಂಥದ್ದೇ. ಉತ್ತರ ಗೊತ್ತಿರುವವರೇ ಕೇಳುವ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೆ ಮನಸ್ಸು ಬರುತ್ತೆ? ಹೆಸರೇ ಗೊತ್ತಿಲ್ಲದ ಮಗುವಿಗೆ ಅದರಿಂದ ಹೊಸ ಪದವೂ ಸಿಗುವುದಿಲ್ಲ.

ಬದಲಿಗೆ ಆಗುತ್ತಿರುವುದನ್ನು ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳುತ್ತಾ ಹೋಗಿ. ಸ್ನಾನ ಮಾಡಿಸುವಾಗ: “ನೀರು ಬಿಸಿ. ಹಾಕ್ತೀನಿ. ತಲೆ ಮೇಲೆ ನೀರು. ಸೋಪು ಜಾರ್ತು!” ಒಗ್ಗರಣೆ ಹಾಕುವಾಗ ಮಗುವನ್ನು ಒಲೆಯಿಂದ ದೂರ, ಅಡುಗೆಮನೆ ಬಾಗಿಲಲ್ಲಿ ಕೂರಿಸಿ: “ಸಾಸಿವೆ ಚಟಪಟ. ಕರಿಬೇವು ಚೊಯ್ಯ್. ಆಯ್ತು.” ರೇಡಿಯೋ ಕಾಮೆಂಟ್ರಿಯ ಹಾಗೆ ಉಸಿರು ಬಿಡದೆ ಹೇಳಬೇಕಿಲ್ಲ. ಎರಡು ಮಾತು ಹೇಳಿ, ನಿಲ್ಲಿಸಿ.

ಇಲ್ಲೊಂದು ಸೂಕ್ಷ್ಮ ಇದೆ. ಅಂಗಡಿಯಲ್ಲಿ ಸಿಗುವ ಗೋಡೆ ಚಾರ್ಟುಗಳಲ್ಲಿ ಇರುವುದೆಲ್ಲ ಹೆಸರುಗಳು. ಸೇಬು, ಆನೆ, ಗಡಿಯಾರ. ಕನ್ನಡದಲ್ಲಿ ವಾಕ್ಯ ನಿಲ್ಲುವುದು ಕ್ರಿಯಾಪದದ ಮೇಲೆ. ‘ಬಿತ್ತು’ ಅಂದರೆ ಅದೇ ಒಂದು ಪೂರ್ತಿ ವಾಕ್ಯ. ಬಂತು, ಹೋಯ್ತು, ಆಯ್ತು, ಕೊಡು, ಬಾ, ತೆಗಿ, ಬೇಕು, ಬೇಡ, ಇಲ್ಲ. ಇವು ಕಿವಿಗೆ ಜಾಸ್ತಿ ಬೀಳಲಿ. ನೂರು ಪ್ರಾಣಿಗಳ ಹೆಸರು ಬಂದು ‘ಕೊಡು’ ಬರದಿದ್ದರೆ ಮಗು ಇನ್ನೂ ಅತ್ತೇ ಕೇಳಬೇಕಾಗುತ್ತದೆ.

ಮಮ್ಮು, ತಾಚಿ, ಬೌಬೌ ಇಂಥ ಮಾತು ಹೇಳಬಹುದಾ ಅಂತ ಅನೇಕರು ಕೇಳುತ್ತಾರೆ. ಧಾರಾಳವಾಗಿ ಹೇಳಿ. ಹೇಳಲು ಸುಲಭ, ಅರ್ಥ ಖಚಿತ. ಜೊತೆಗೆ ದೊಡ್ಡವರ ಪದವನ್ನೂ ಸೇರಿಸಿ: “ಬೌಬೌ! ನಾಯಿ ಬಂತು.” ಧೊಪ್, ಸರ್ರ್, ಪಟಪಟ, ಗುಡುಗುಡು ಇವೆಲ್ಲ ನಮ್ಮ ಭಾಷೆಯಲ್ಲಿ ರಾಶಿ ಇವೆ. ಮಕ್ಕಳ ಬಾಯಿಗೆ ಇವು ಬೇಗ ಹತ್ತುತ್ತವೆ. ನನ್ನ ಮಗನ ಎಂಟು ಮಾತಿನಲ್ಲಿ ಎರಡು ಸದ್ದುಗಳೇ ಆಗಿದ್ದವು, ಅಲ್ವಾ?

4. ಸುಮ್ನೆ ಕಾಯಿರಿ

ಇದೇ ಎಲ್ಲಕ್ಕಿಂತ ಕಷ್ಟ. ನನಗಂತೂ.

ನೀವು ಒಂದು ಮಾತು ಹೇಳಿದ ಮೇಲೆ ಬಾಯಿ ಮುಚ್ಚಿ, ಮಗುವಿನ ಮುಖ ನೋಡುತ್ತಾ ಮನಸ್ಸಿನಲ್ಲೇ ಒಂದರಿಂದ ಐದರವರೆಗೆ, ಬೇಕಾದರೆ ಹತ್ತರವರೆಗೆ ಎಣಿಸಿ. ಮಗು ಕೇಳಿದ್ದನ್ನು ಅರ್ಥ ಮಾಡಿಕೊಂಡು, ಪದ ಹುಡುಕಿ, ಬಾಯಿಗೆ ತರಲು ನಮಗಿಂತ ತುಂಬಾ ಹೊತ್ತು ಬೇಕು. ಒಂದೇ ಸೆಕೆಂಡಿಗೆ ನಾವು ಮುಂದಿನ ಮಾತು ಶುರು ಮಾಡಿದರೆ ಅದರ ಸರದಿ ಬರುವುದೇ ಇಲ್ಲ.

ನಾನು ಇದನ್ನು ಕಲಿತದ್ದು ಥೆರಪಿಸ್ಟ್ ಹೇಳಿದಾಗ ಅಲ್ಲ. ಆ ಡಿಸೆಂಬರಿನಲ್ಲಿ, ನಮ್ಮತ್ತೆ ಹಿತಕಬೇಳೆ ಮಾಡುತ್ತಿದ್ದಾಗ. ಅವರೆಕಾಳು ರಾತ್ರಿ ನೆನೆಹಾಕಿದ್ದರು. ಬೆಳಿಗ್ಗೆ ಹಾಲ್‌ನಲ್ಲಿ ಪೇಪರ್ ಹಾಸಿ ಕೂತು ಒಂದೊಂದೇ ಕಾಳು ಹಿತಕುತ್ತಿದ್ದರು. ಮಗ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಅವರು ಅವನನ್ನು ಏನೂ ಕೇಳಲಿಲ್ಲ. ಒಂದು ಕಾಳು ಹಿಡಿದು ‘ಪುಳಕ್’ ಅಂದರು, ಬೇಳೆ ಹಾರಿ ಪಾತ್ರೆಗೆ ಬಿತ್ತು. ಇನ್ನೊಂದು, ‘ಪುಳಕ್’. ಅವನು ಬೇಳೆ ಬೀಳುವುದನ್ನೇ ನೋಡುತ್ತಿದ್ದ. ಹೀಗೇ ಹದಿನೈದಿಪ್ಪತ್ತು ಆಗಿರಬೇಕು. ಆಮೇಲೆ ಅತ್ತೆ ಒಂದು ಕಾಳನ್ನು ಎರಡು ಬೆರಳ ನಡುವೆ ಹಿಡಿದು ಸುಮ್ಮನೆ ನಿಲ್ಲಿಸಿಬಿಟ್ಟರು. ಹಿತುಕಲಿಲ್ಲ. ಅವನ ಕಡೆ ನೋಡಿ ಹುಬ್ಬು ಮೇಲೇರಿಸಿದರು, ಅಷ್ಟೇ. ನಾನು ಅಡುಗೆಮನೆಯಿಂದ “ಹೇಳು ಪುಟ್ಟಾ, ಪು...” ಅನ್ನುವುದರಲ್ಲಿದ್ದೆ. ಅತ್ತೆ ಇನ್ನೊಂದು ಕೈಯಲ್ಲಿ ನನಗೆ ಸುಮ್ಮನಿರು ಅಂತ ಸನ್ನೆ ಮಾಡಿದರು. ಅವನು ಕಾಳು ನೋಡಿದ, ಅಜ್ಜಿ ಮುಖ ನೋಡಿದ, ಮತ್ತೆ ಕಾಳು ನೋಡಿದ. ಬಾಯಿ ಚೂಪಾಯಿತು. “ಪುಕ್.”

ಅತ್ತೆ ತಕ್ಷಣ ಹಿತುಕಿದರು. ಚಪ್ಪಾಳೆ ಇಲ್ಲ, ವಿಡಿಯೋ ಇಲ್ಲ. ಅವನು ಹೇಳಿದ, ಕಾಳು ಹಾರಿತು. ಅವನ ಮಾತಿಗೆ ಸಿಕ್ಕ ಬಹುಮಾನ ಅದೇ. ಅವತ್ತು ಅರ್ಧ ಗಂಟೆ ‘ಪುಕ್’ ನಡೆಯಿತು.

ನಿಮ್ಮ ಮನೆಯಲ್ಲಿ ಇದು ಬೇರೆ ರೂಪದಲ್ಲಿ ಸಿಗುತ್ತದೆ. ಉಯ್ಯಾಲೆ ತಳ್ಳುವಾಗ “ಒಂದು... ಎರಡು...” ಅಂತ ಹೇಳಿ ನಿಲ್ಲಿಸಿ. ಕಣ್ಣಾಮುಚ್ಚಾಲೆಯಲ್ಲಿ ಸೆರಗು ತೆಗೆಯುವ ಮುಂಚೆ ನಿಲ್ಲಿಸಿ. ಮಗುವಿಗೆ ಬಾಯಿಪಾಠವಾಗಿರುವ ಹಾಡಿನ ಸಾಲಿನ ಕೊನೇ ಪದ ಬಿಟ್ಟುಬಿಡಿ. ಮಗು ಮಾತೇ ಆಡಬೇಕೆಂದಿಲ್ಲ. ಕಣ್ಣಿಟ್ಟು ನೋಡಿದರೂ, ಕೈ ತೋರಿಸಿದರೂ, ‘ಊಂ’ ಅಂದರೂ ಅದು ಉತ್ತರವೇ, ಆಟ ಮುಂದುವರಿಸಿ.

5. ಒಂದಕ್ಕೆ ಇನ್ನೊಂದು ಸೇರಿಸಿ

ಮಗು ‘ಬಸ್’ ಅಂದರೆ ನೀವು “ಬಸ್ ಬಂತು” ಅನ್ನಿ. ಅದು ‘ಬಸ್ ಬಂತು’ ಅಂದರೆ “ಕೆಂಪು ಬಸ್ ಬಂತು”. ಮಗುವಿಗಿಂತ ಒಂದೇ ಹೆಜ್ಜೆ ಮುಂದೆ. ಒಂದು ಪದ ಹೇಳಿದ ಮಗುವಿಗೆ ಬಿಎಂಟಿಸಿಯ ವೇಳಾಪಟ್ಟಿ ಒಪ್ಪಿಸಬೇಡಿ.

ತಪ್ಪು ಹೇಳಿದರೆ ‘ಹಾಗಲ್ಲ, ಹೀಗೆ ಹೇಳು’ ಅಂತ ತಿದ್ದಬೇಡಿ. ಸರಿಯಾದ ರೂಪದಲ್ಲಿ ನೀವೇ ಹೇಳಿ ಮುಂದೆ ಹೋಗಿ. ಕನ್ನಡದ ಮಕ್ಕಳು ಮೊದಮೊದಲು ಎಲ್ಲರಿಗೂ ‘ಬಂತು, ಹೋಯ್ತು’ ಹಾಕಿಬಿಡುತ್ತಾರೆ. ‘ಅಜ್ಜಿ ಬಂತು’, ‘ಅಪ್ಪ ಹೋಯ್ತು’. ಅಜ್ಜಿ ಮುನಿಸಿಕೊಳ್ಳುವುದಿಲ್ಲ. “ಹೌದು, ಅಜ್ಜಿ ಬಂದ್ರು” ಅಂದರೆ ಸಾಕು. ‘ನಂಗೆ ಬೇಕು’ ಅನ್ನುವ ಬದಲು ‘ಪುಟ್ಟಂಗೆ ಬೇಕು’ ಅನ್ನುವುದೂ ಹಾಗೇ. ‘ನಾನು’ ಅನ್ನುವುದು ಯಾರು ಹೇಳಿದರೆ ಅವರಿಗೆ ಅಂಟಿಕೊಳ್ಳುವ ವಿಚಿತ್ರ ಪದ. ಅದು ತಿಳಿಯಲು ಸ್ವಲ್ಪ ಕಾಲ ಬೇಕು.

6. ಕೇಳುವ ಅವಕಾಶ ಮಾಡಿಕೊಡಿ, ಹಟ ಮಾಡಬೇಡಿ

ಮುಖ ನೋಡಿಯೇ ಎಲ್ಲ ಕೊಟ್ಟುಬಿಡುವ ಮನೆಯಲ್ಲಿ ಮಗುವಿಗೆ ಮಾತಿನ ಅಗತ್ಯವೇ ಬೀಳುವುದಿಲ್ಲ. ಇಷ್ಟದ ತಿಂಡಿಯನ್ನು ಕಾಣುವ ಹಾಗೆ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕೈಗೆ ಕೊಡಿ. “ತೆಗಿ” ಅನ್ನಲು ಒಂದು ಕಾರಣ ಸಿಗುತ್ತದೆ. ಬಟ್ಟಲು ಕೊಟ್ಟು ಚಮಚ ‘ಮರೆಯಿರಿ’. “ಬಾಳೆಹಣ್ಣಾ, ಬಿಸ್ಕತ್ತಾ?” ಅಂತ ಎರಡನ್ನೂ ತೋರಿಸಿ. ಇದೊಂದು ಪ್ರಶ್ನೆ ಮಾತ್ರ ನಾನು ಉಳಿಸಿಕೊಂಡಿದ್ದೇನೆ, ಯಾಕಂದರೆ ಉತ್ತರ ನನಗೂ ಗೊತ್ತಿರುವುದಿಲ್ಲ.

ಆದರೆ “ಹೇಳಿದರೆ ಮಾತ್ರ ಕೊಡ್ತೀನಿ” ಅಂತ ನೀರನ್ನೂ ಹಿಡಿದಿಟ್ಟು ಅಳಿಸಬೇಡಿ. ಒಂದೆರಡು ಸಲ ಕಾದು, ಬರದಿದ್ದರೆ ನೀವೇ ‘ನೀರು’ ಅಂತ ಹೇಳಿ ಕೊಟ್ಟುಬಿಡಿ.

7. ಯಾವ ಭಾಷೆ?

ನಿಮಗೆ ಯಾವ ಭಾಷೆಯಲ್ಲಿ ಮುದ್ದಿಸಲು, ಗದರಲು, ಚೇಷ್ಟೆ ಮಾಡಲು ಬರುತ್ತದೆಯೋ ಅದು. ಮನೆಯಲ್ಲಿ ತುಳು ಇದ್ದರೆ ತುಳು, ಕೊಂಕಣಿ, ಉರ್ದು, ಕೊಡವ, ತೆಲುಗು ಯಾವುದಾದರೂ ಸರಿ. ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ ಅನ್ನುವುದು ತಪ್ಪು. ಅಮ್ಮ ತುಳು, ಅಪ್ಪ ಕನ್ನಡ ಮಾತಾಡುವ ಮನೆಯಲ್ಲಿ ಮಗುವಿನ ಪದ ಎಣಿಸುವಾಗ ಎರಡನ್ನೂ ಕೂಡಿಸಿ ಎಣಿಸಬೇಕು, ಅಷ್ಟೇ.

ನನ್ನ ತಕರಾರು ಇರುವುದು ಬೇರೆ. ಪ್ರೀ-ಸ್ಕೂಲಿಗೆ ಸಿದ್ಧ ಮಾಡುವ ಹೆಸರಿನಲ್ಲಿ ‘ಕಮ್, ಸಿಟ್, ಈಟ್, ನೋ’ ಅಂತ ನಾಲ್ಕು ಪದದ ಇಂಗ್ಲಿಷ್‌ನಲ್ಲಿ ಮಗುವನ್ನು ಸಾಕುವುದು. ಆ ಭಾಷೆಯಲ್ಲಿ ನಿಮಗೆ ಕಥೆ ಹೇಳಲು ಬರುವುದಿಲ್ಲವಾದರೆ ಮಗುವಿಗೆ ಸಿಗುವುದು ಅಪ್ಪಣೆಗಳು ಮಾತ್ರ. ಮನೆ ಮಾತು ಗಟ್ಟಿಯಾಗಿದ್ದರೆ ಇಂಗ್ಲಿಷ್ ಅದರ ಮೇಲೆ ಕೂರುತ್ತದೆ. ನ್ಯೂಜೆರ್ಸಿಯಲ್ಲಿರುವ ನನ್ನ ಗೆಳತಿಯ ಮನೆಯಲ್ಲಿ ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಅಜ್ಜಿ ದೋಸೆ ಹುಯ್ಯುತ್ತಾರೆ. ಮೊಮ್ಮಗಳು ಅಲ್ಲಿಂದ “ತಿರುಗ್ಸು!” ಅಂತ ಕೂಗುತ್ತಾಳೆ. ಆ ಮಗುವಿನ ಕನ್ನಡ ಆ ಕಾವಲಿ ಮೇಲೇ ಬೆಂದದ್ದು.

8. ಪುಸ್ತಕ ಸೈ, ಮೊಬೈಲ್ ಬೇಡ

ಪುಸ್ತಕ ಓದಬೇಕೆಂದೇನೂ ಇಲ್ಲ, ಚಿತ್ರ ನೋಡಿ ಮಾತಾಡಿದರೆ ಸಾಕು. ಅದೇ ಪುಸ್ತಕವನ್ನು ನಲವತ್ತನೇ ಸಲ ತಂದರೆ ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳಿಗೆ ಗೊತ್ತಿರುವುದು ಮತ್ತೆ ಬರುವುದೇ ಖುಷಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಕೆಲವನ್ನು ಪ್ರಿಂಟ್ ತೆಗೆಸಿ ಪಿನ್ ಹೊಡೆದು ಕೊಡಿ. ಹರಿದರೂ ಚಿಂತೆಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ, ಒಂದು ವರ್ಷದವರೆಗೆ ಟಿವಿ, ಮೊಬೈಲ್ ಏನೂ ಬೇಡ. ಎರಡು ತುಂಬುವವರೆಗೂ ಬೇಡವೆಂದೇ ಸಲಹೆ. ಆಮೇಲೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲ್ ಮಾತಾಡುತ್ತದೆ, ಆದರೆ ಕಾಯುವುದಿಲ್ಲ. ಮಗು ‘ಪುಕ್’ ಅಂದರೆ ಅದಕ್ಕೆ ಕೇಳಿಸುವುದಿಲ್ಲ. ಅಜ್ಜಿಯ ಜೊತೆ ವಿಡಿಯೋ ಕಾಲ್ ಬೇರೆ, ಅಲ್ಲಿ ಎದುರಿಗೆ ಮನುಷ್ಯರಿದ್ದಾರೆ. ಯಾವಾಗಿನಿಂದಲೂ ಮೊಬೈಲ್ ತೋರಿಸಿ ಊಟ ಮಾಡಿಸುತ್ತಿದ್ದರೆ ಒಂದೇ ದಿನಕ್ಕೆ ನಿಲ್ಲಿಸುವುದು ಕಷ್ಟ, ನನಗೂ ಗೊತ್ತು. ಮೊದಲು ಒಂದು ಊಟದಲ್ಲಿ ಬಿಡಿ. ನಾವು ಬೆಳಗಿನ ತಿಂಡಿಯಿಂದ ಶುರು ಮಾಡಿದೆವು. ಮೂರು ದಿನ ರಂಪ, ನಾಲ್ಕನೇ ದಿನ ಕಿಟಕಿಯ ಪಾರಿವಾಳ ಸಾಕಾಯಿತು.

9. ತೊದಲು

‘ಸಕ್ಕರೆ’ ಹೋಗಿ ‘ತಕ್ಕಲೆ’ ಆದರೆ ಗಾಬರಿ ಬೇಡ. ರ, ಸ, ಶ, ಒತ್ತಕ್ಷರಗಳು ನಾಲ್ಕು ವರ್ಷದವರೆಗೂ, ಕೆಲವರಿಗೆ ಅದಕ್ಕಿಂತ ಜಾಸ್ತಿ ಸಮಯ ತೆಗೆದುಕೊಳ್ಳುತ್ತವೆ. ಬಂದ ನೆಂಟರ ಮುಂದೆ “ಇನ್ನೊಂದ್ಸಲ ತಕ್ಕಲೆ ಅನ್ನು” ಅಂತ ಹೇಳಿಸಿ ನಗುವುದನ್ನು ಮಾತ್ರ ನಿಲ್ಲಿಸಿ.

ಎರಡೂವರೆಯಿಂದ ನಾಲ್ಕು ವರ್ಷದ ನಡುವೆ ಕೆಲವು ಮಕ್ಕಳು ‘ನಂ ನಂ ನಂಗೆ’ ಅಂತ ತಡವರಿಸುತ್ತಾರೆ. ಹೇಳಬೇಕಾದದ್ದು ಜಾಸ್ತಿ, ಬಾಯಿ ಇನ್ನೂ ಚಿಕ್ಕದು. “ನಿಧಾನಕ್ಕೆ ಹೇಳು” ಅನ್ನಬೇಡಿ. ನೀವೇ ನಿಧಾನವಾಗಿ ಮಾತಾಡಿ, ಮುಗಿಸುವವರೆಗೆ ಕೇಳಿ. ಆರು ತಿಂಗಳಾದರೂ ಹೋಗದಿದ್ದರೆ ತೋರಿಸಿ. ಮಾತಾಡುವಾಗ ಮುಖ ಬಿಗಿಯುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಉಗ್ಗು ಇದ್ದರೆ ಅಷ್ಟು ದಿನವೂ ಕಾಯುವುದು ಬೇಡ.

10. ಯಾವಾಗ ತೋರಿಸಬೇಕು, ಎಲ್ಲಿಗೆ

ಒಂದು ವರ್ಷವಾದರೂ ‘ಬಾಬಾ, ದಾದಾ’ ಅಂತ ಸದ್ದು ಮಾಡದಿದ್ದರೆ, ಟಾಟಾ ಮಾಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ. ಒಂದೂವರೆ ವರ್ಷಕ್ಕೆ ಒಂದೂ ಪದ ಬಾರದಿದ್ದರೆ, ಬೇಕಾದ್ದನ್ನು ಬೆರಳಿಟ್ಟು ತೋರಿಸದಿದ್ದರೆ. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಆಉ ಕೊಡು’ ಅಂತ ಎರಡು ಪದ ಸ್ವಂತವಾಗಿ ಜೋಡಿಸದಿದ್ದರೆ. ಮೂರು ವರ್ಷಕ್ಕೆ ಹೊರಗಿನವರಿಗೆ ಮಾತು ಬಹುಪಾಲು ತಿಳಿಯದಿದ್ದರೆ. ಇನ್ನು, ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ಹೋಗಿಬಿಟ್ಟರೆ ಒಂದು ದಿನವೂ ಕಾಯಬೇಡಿ. ಎಬಿಸಿಡಿ ಪೂರ್ತಿ ಹೇಳುವ ಮಗು ನೀರು ಕೇಳದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಒಪ್ಪಿಸುವುದು ಬೇರೆ, ಮಾತಾಡುವುದು ಬೇರೆ.

“ಗಂಡು ಮಕ್ಕಳು ತಡ, ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು” ಅಂತ ನಮಗೆ ಒಬ್ಬ ಡಾಕ್ಟರೇ ಹೇಳಿ ಕಳಿಸಿದ್ದರು. ಅದನ್ನು ನಂಬಿ ಎರಡು ತಿಂಗಳು ಸುಮ್ಮನೆ ಕೂತೆವು. ತೋರಿಸಿ ಏನೂ ಇಲ್ಲ ಅಂದರೆ ನಷ್ಟವೇನು?

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಆಯಿಷ್ ಅಂತ ಕರೆಯುತ್ತಾರೆ. 1965ರಲ್ಲಿ ಶುರುವಾದದ್ದು. ಕಿವಿ ಪರೀಕ್ಷೆ, ಮಾತಿನ ಪರೀಕ್ಷೆ, ಥೆರಪಿ ಎಲ್ಲ ಒಂದೇ ಕಡೆ ಆಗುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲೂ ಇದಕ್ಕೇ ವಿಭಾಗವಿದೆ. ಉಳಿದ ಕಡೆಯವರು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ನೋಡುವ ಕೇಂದ್ರ, ಎಲ್ಲಿದೆ ಅಂತ ಕೇಳಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇವನ್ನು ಮಾಡಿದ್ದಾರೆ. ಅದೇ ಕಾರ್ಯಕ್ರಮದ ತಂಡ ಅಂಗನವಾಡಿಗೂ ಬರುತ್ತದೆ. ಬರುವ ದಿನ ಯಾವಾಗ ಅಂತ ಅಂಗನವಾಡಿ ಟೀಚರ್ ಹತ್ತಿರ ವಿಚಾರಿಸಿ.

ಹೋಗುವಾಗ ಎರಡು ವಸ್ತು ಒಯ್ಯಿರಿ. ಒಂದು, ಮಗು ಹೇಳುವ ಪದಗಳನ್ನು ಬರೆದ ನೋಟ್‌ಬುಕ್. ಹೇಗೆ ಹೇಳುತ್ತದೋ ಹಾಗೇ, ತಾರೀಖು ಹಾಕಿ. ಎರಡು, ಮನೆಯಲ್ಲಿ ಆಡುವಾಗ ತೆಗೆದ ಎರಡು ಮೂರು ವಿಡಿಯೋ. ಅಲ್ಲಿಗೆ ಹೋದ ಮೇಲೆ ಮಗು ಬಾಯಿ ಬಿಡುವುದೇ ಇಲ್ಲ.

ಬೇರಾ ಅನ್ನುವ ಕಿವಿ ಪರೀಕ್ಷೆ ಬರೆದುಕೊಟ್ಟರೆ, ಅದಕ್ಕೆ ಮಗು ಗಾಢವಾಗಿ ನಿದ್ದೆ ಮಾಡಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ ಅನ್ನುತ್ತಾರೆ. ನಾವೂ ಐದಕ್ಕೇ ಎಬ್ಬಿಸಿದೆವು. ಆಟೋ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅವನು ನನ್ನ ಹೆಗಲ ಮೇಲೆ ಗೊರಕೆ. ಆಸ್ಪತ್ರೆಯ ಮುಂದೆ ಇಳಿದ ತಕ್ಷಣ ಕಣ್ಣು ಬಿಟ್ಟು “ಆತೋ ಓಯ್ತು” ಅಂದ. ಆ ದಿನದ ಪರೀಕ್ಷೆಯೂ ಹೋಯ್ತು. ಮುಂದಿನ ವಾರಕ್ಕೆ ಮತ್ತೆ ಟೋಕನ್. ದಾರಿಯಲ್ಲಿ ನಿದ್ದೆ ಮಾಡಲು ಬಿಡಬೇಡಿ.